ಗುರುಜಿಗೆ ಓದಿ ಹೇಳದ ಪ್ರಬಂಧ

ವಿಶ್ವವಿದ್ಯಾಲಯದ ವಿಭಾಗದಲ್ಲಿರುವ ನನ್ನ ಕೋಣೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಹಾಳೆ ತೂಗುತ್ತಿದೆ. ನಾನು ಬರೆದ ಪ್ರಬಂಧವೊಂದರ ಮೊದಲ ಪುಟ ಅದು, ಇಂಗ್ಲಿಷಿನಲ್ಲಿ. ನಾನು ಪ್ರೊಫೆಸರ್ ಆದಾಗ ವಿದ್ಯಾರ್ಥಿಗಳು ಪ್ರೀತಿಯಿಂದ ಕಟ್ಟು ಹಾಕಿಸಿ, ನನಗೆ ಶಾಲು ಹೊದಿಸಿ, ಅಲ್ಲೇ ಮೊಳೆ ಹೊಡೆದು ತೂಗುಹಾಕಿದರು. ಇಳಿಸಬೇಕೆಂದು ಎಷ್ಟೋ ಸಲ ಕುರ್ಚಿಯಿಂದ ಎದ್ದಿದ್ದೇನೆ. ಇಳಿಸಿಲ್ಲ. ಇರಲಿ, ದಿನಾ ಕಣ್ಣಿಗೆ ಬೀಳಲಿ, ಅಷ್ಟಾದರೂ ಶಿಕ್ಷೆ ಬೇಡವೇ ಎಂದು ಬಿಟ್ಟಿದ್ದೇನೆ.

ಆ ಪ್ರಬಂಧದಲ್ಲಿ ಯಾರ ಹೆಸರೂ ಇಲ್ಲ. ನಮ್ಮ ವಿದ್ಯೆಯಲ್ಲಿ ಹಾಗೆ ಬರೆಯುವುದೇ ಪದ್ಧತಿ. 'ಶಾಲೆ ಒಂದು', 'ಶಾಲೆ ಎರಡು', 'ಮುಖ್ಯಾಧ್ಯಾಪಕರೊಬ್ಬರು', ಮುಗಿಯಿತು. ಹೆಸರು ತೆಗೆದುಬಿಟ್ಟರೆ ಯಾರಿಗೂ ಕೇಡಾಗುವುದಿಲ್ಲ ಎಂದು ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಈ ಬರಹದಲ್ಲೂ ಹೆಸರುಗಳಿಲ್ಲ. ಆದರೆ ಈ ಸಲ ಒಂದು ಬೇರೆ ಕೆಲಸ ಮಾಡಿದ್ದೇನೆ. ಅಚ್ಚಿಗೆ ಕೊಡುವ ಮೊದಲು, ಇದು ಯಾರನ್ನು ಕುರಿತದ್ದೋ ಅವರಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ್ದೇನೆ. ಅವರು ಎರಡು ಕಡೆ ತೆಗೆಸಿದರು, ತೆಗೆದೆ.

ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದವಳು ನಾನು. ಅಪ್ಪ ಕೋರ್ಟಿನಲ್ಲಿ ಕಾರಕೂನ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ನಾಲ್ಕನೆಯ ತನಕ ಕನ್ನಡ ಶಾಲೆ, ಆಮೇಲೆ ಮರಾಠಿ ಹೈಸ್ಕೂಲು, ಹೊಟ್ಟೆಪಾಡಿಗೆ ಇಂಗ್ಲಿಷು. ನನ್ನ ವಿಷಯಕ್ಕೆ ಶೈಕ್ಷಣಿಕ ನೇತೃತ್ವ ಎನ್ನುತ್ತಾರೆ. ಶಾಲೆಯನ್ನು ಯಾರು ಹೇಗೆ ನಡೆಸುತ್ತಾರೆ, ಹಳ್ಳಿಯ ಮಗುವಿಗೆ ಶಹರದ ಮಗುವಿನಷ್ಟು ಪಾಲು ಸಿಗುತ್ತದೋ ಇಲ್ಲವೋ ಎಂದು ನೋಡಿ ಬರೆಯುವ ಕೆಲಸ. ನಮ್ಮವ್ವನಿಗೆ ಇದು ಕೊನೆಯವರೆಗೂ ತಲೆಗೆ ಹತ್ತಲಿಲ್ಲ. "ಅಂದ್ರ ನೀ ಸಾಲಿ ಕಲಸಂಗಿಲ್ಲ, ಕಲಸವರನ್ನ ನೋಡಿ ಬರಕೊಂಡ ಬರತಿ, ಅಷ್ಟ ಹೌದಿಲ್ಲ?" ಎಂದು ಕೇಳುತ್ತಿದ್ದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಚೀರಾಡುತ್ತಿದ್ದೆ. ಈಗ ಅನಿಸುತ್ತದೆ, ನನ್ನ ವಿಷಯಕ್ಕೆ ಅವ್ವ ಕೊಟ್ಟದ್ದಕ್ಕಿಂತ ನೇರವಾದ ವ್ಯಾಖ್ಯೆ ಯಾವ ಪುಸ್ತಕದಲ್ಲೂ ಇಲ್ಲ.

ಗುರುಜಿಯನ್ನು ಮೊದಲು ನೋಡಿದಾಗ ನನಗೆ ಐವತ್ತು ದಾಟಿತ್ತು. ನನ್ನ ನಂತರ ಸೇರಿದವರೆಲ್ಲ ಪ್ರೊಫೆಸರ್ ಆಗಿದ್ದರು, ನಾನು ಮಾತ್ರ ಒಂದು ಮೆಟ್ಟಿಲು ಕೆಳಗೇ ಕುಳಿತಿದ್ದೆ. ಒಳ್ಳೆಯ ಪತ್ರಿಕೆಯಲ್ಲಿ ಇನ್ನೊಂದು ಪ್ರಬಂಧ ಬಂದರೆ ಕೆಲಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಅದು ಬೇಕಿತ್ತು. ಸುಳ್ಳೇಕೆ ಹೇಳಲಿ, ಹಳ್ಳಿಯ ಮಕ್ಕಳ ಪಾಲಿನ ಮೇಲೆ ಎಷ್ಟು ಆಸೆಯಿತ್ತೋ ಆ ಕುರ್ಚಿಯ ಮೇಲೂ ಅಷ್ಟೇ ಇತ್ತು. ಹಾಗಾಗಿ ಅಕ್ಕಲಕೋಟ ತಾಲೂಕಿನ ಸಣ್ಣ ಕನ್ನಡ ಶಾಲೆಗಳನ್ನು ಹಿಡಿದು ಹೊರಟೆ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಕೊನೆಗೆ ಯಾರದಾದರೂ ಬೈಕಿನ ಹಿಂದೆ.

ಆ ಶಾಲೆ ಇದ್ದದ್ದು ಬೋರಿ ನದಿಯ ಧರಣದ, ಅಂದರೆ ಅಣೆಕಟ್ಟಿನ, ಹಿನ್ನೀರಿಗೆ ಹತ್ತಿರದ ಒಂದು ವಸ್ತಿಯಲ್ಲಿ, ಹತ್ತಾರು ಮನೆಗಳ ಹಟ್ಟಿಯಲ್ಲಿ. ಕುರನೂರೋ ಹನ್ನೂರೋ ಎಂದು ಊಹಿಸಬೇಡಿ, ಎರಡೂ ಅಲ್ಲ. ಎರಡು ಕೋಣೆ, ಒಂದು ಪಡಸಾಲೆ, ಒಬ್ಬರೇ ಮಾಸ್ತರು. ಊರವರು ಅವರನ್ನು ಗುರುಜಿ ಎನ್ನುತ್ತಿದ್ದರು, ನಾನೂ ಗುರುಜಿ ಎಂದೆ. ಅವರು ನನ್ನನ್ನು ಮೇಡಂ ಎನ್ನಲಿಲ್ಲ, ಹಳೆಯ ಕಾಲದವರ ಹಾಗೆ ಅಕ್ಕೋರ ಎಂದರು. ಮೊದಲ ದಿನ ನಾನು ಪ್ರಶ್ನಾವಳಿ ತೆಗೆಯುವಷ್ಟರಲ್ಲಿ ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು.

"ಆಮ್ಯಾಲೆ ಕೇಳೀರಂತ ಅಕ್ಕೋರ. ಮೂರನೇತ್ತೇದವರಿಗೆ ಭಾಗಾಕಾರ ಹೇಳಿಕೊಡ್ರಿ, ನಾ ಅಲ್ಲೀತನಕ ಒಂದನೇತ್ತೇದವರನ್ನ ಮುಗಸ್ತೀನಿ."

ಕುರ್ಚಿಯಲ್ಲಿ ಕುಳಿತು ನೋಡಲು ಹೋದವಳು ಬೋರ್ಡಿನ ಮುಂದೆ ನಿಂತು ಬೆವರಿದೆ. ಮಕ್ಕಳಿಗೆ ಭಾಗಾಕಾರ ಕಲಿಸುವುದನ್ನು ನಾನು ಮರೆತೇಬಿಟ್ಟಿದ್ದೆ. ಗುರುಜಿ ಆಚೆಯ ಕೋಣೆಯಿಂದ ಇಣುಕಿ ನಕ್ಕರು. "ಡಾಕ್ಟರ್ ಆದವರಿಗೂ ಬರಂಗಿಲ್ಲ ನೋಡ್ರಿ" ಎಂದು ಮಕ್ಕಳಿಗೆ ಹೇಳಿದರು. ಮಕ್ಕಳಿಗೆ ಖುಷಿಯೋ ಖುಷಿ.

ಅವರಿಗೆ ಒಂದೇ ಒಂದು ಜಂಬವಿತ್ತು. ಅವರ ಶಾಲೆಯ ಪಾಲಕರ ರಜಿಸ್ಟರಿನಲ್ಲಿ ಒಂದೂ ಹೆಬ್ಬೆಟ್ಟಿನ ಗುರುತು ಇರಲಿಲ್ಲ. ತಾಯಂದಿರು ಸಹಿಗೆ ಬಂದಾಗ ಮೊದಲು ಬರೆದದ್ದನ್ನು ಓದಿಸುತ್ತಿದ್ದರು, ಓದಲು ಬಾರದವರಿಗೆ ಮಗುವಿನಿಂದ ಓದಿ ಹೇಳಿಸುತ್ತಿದ್ದರು, ಆಮೇಲೆ ಸಹಿ. ಹೆಸರು ಬರೆಯಲು ಬಾರದಿದ್ದರೆ ಅಲ್ಲೇ ಕೂರಿಸಿ ಕಲಿಸುತ್ತಿದ್ದರು. ಒಬ್ಬ ತಾಯಿ ನಾಲ್ಕು ದಿನ ಅಡ್ಡಾಡಿ ಕಲಿತಳಂತೆ. ಶಾಯಿಯ ಪ್ಯಾಡು ಎಂಬ ವಸ್ತುವನ್ನೇ ಅವರು ಶಾಲೆಯಲ್ಲಿ ಇಟ್ಟಿರಲಿಲ್ಲ. ರಜಿಸ್ಟರ್ ತೆರೆದು ಆ ಸೊಟ್ಟಪಟ್ಟ ಸಹಿಗಳನ್ನು ನನಗೆ ಒಂದೊಂದಾಗಿ ತೋರಿಸಿದರು.

ಅವರಿಗೆ ಒಂದೇ ಒಂದು ಹೆದರಿಕೆಯೂ ಇತ್ತು. ಅದಕ್ಕೆ 'ಪಟ' ಎಂದು ಹೆಸರು. ನಮ್ಮ ಕಡೆ ಶಾಲೆಯಲ್ಲಿ ದಾಖಲಾದ ಮಕ್ಕಳ ಸಂಖ್ಯೆಗೆ ಪಟ ಎನ್ನುತ್ತಾರೆ. ಇಪ್ಪತ್ತರ ಕೆಳಗೆ ಪಟ ಇಳಿದ ಶಾಲೆಗಳನ್ನು ಬೇರೆ ಶಾಲೆಗೆ ಸೇರಿಸಿಬಿಡುತ್ತಾರೆ ಎಂಬ ಸುದ್ದಿ ಆಗಲೇ ಹರಿದಾಡುತ್ತಿತ್ತು. ಹತ್ತಿರದ ಶಾಲೆ ಎಂದರೆ ಡಾಂಬರು ರಸ್ತೆಯ ಮೇಲಿನ ಮರಾಠಿ ಶಾಲೆ. ಇವರ ಪಟ ಇಪ್ಪತ್ತರ ಮೇಲೆ ತುಸುವೇ ಇತ್ತು. "ಇನ್ನ ಮೂರ ವರ್ಷದ ಮಾತ್ರಿ ಅಕ್ಕೋರ. ನಾ ರಿಟೈರ್ ಆಗೂತನಕ ಇದನ್ನ ಉಳಿಸಿದ್ನೆಂದ್ರ, ಮುಂದ ಬರಾವ ನೋಡಿಕೊಳ್ತಾನ" ಎಂದರು. ನಾನು ಅದನ್ನೂ ಬರೆದುಕೊಂಡೆ.

ಪಟಕ್ಕೆ ದೊಡ್ಡ ಹೊಡೆತ ಬೀಳುತ್ತಿದ್ದದ್ದು ದೀಪಾವಳಿಯ ನಂತರ. ವಸ್ತಿಯ ಅರ್ಧ ಮನೆಗಳವರು ಟೋಳಿ ಕಟ್ಟಿಕೊಂಡು ಕಬ್ಬು ಕಡಿಯಲು ದೂರದ ಕಾರಖಾನೆಗಳ ಕಡೆ ಹೋಗುತ್ತಿದ್ದರು, ಮಕ್ಕಳನ್ನೂ ಕರೆದುಕೊಂಡು. ತಿರುಗಿ ಬರುವುದು ಬೇಸಿಗೆಯ ಬಿಸಿಲು ಬಿದ್ದ ಮೇಲೆ. ಅಷ್ಟು ತಿಂಗಳು ಬಾರದ ಮಗುವಿನ ಹೆಸರನ್ನು ಪಟದಲ್ಲಿ ಇಟ್ಟುಕೊಳ್ಳುವುದು ಹೇಗೆ? ಇದಕ್ಕೆ ಗುರುಜಿ ಏನು ಮಾಡುತ್ತಾರೆಂದು ನೋಡಿದ್ದು ಆ ಚಳಿಗಾಲದಲ್ಲಿ.

ಮಧ್ಯಾಹ್ನ ಮಕ್ಕಳು ಖಿಚಡಿ ಉಂಡು ಕೈ ತೊಳೆದು ಬಂದಿದ್ದರು. ಗುರುಜಿ ತಮ್ಮ ಫೋನನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಒಂದು ನಂಬರು ಒತ್ತಿದರು. ಆ ಕಡೆ ಗಾಳಿಯ ಸದ್ದು, ಟ್ರ್ಯಾಕ್ಟರಿನ ಸದ್ದು. ಊಟದ ಹೊತ್ತಾದ್ದರಿಂದ ಅಪ್ಪಂದಿರು ಗುಡಿಸಲಿಗೆ ಬಂದಿರುತ್ತಿದ್ದರು, ಫೋನು ಮಕ್ಕಳ ಕೈಗೆ ಸಿಗುತ್ತಿತ್ತು.

"ಯಾರ ಅದೀರಿ ಅಲ್ಲಿ?"

"ಹಾಜರ ಅದೀನ್ರಿ ಗುರುಜಿ!"

ಹುಡುಗಿಯ ದನಿ. ಎರಡನೆಯ ತರಗತಿಯವಳು, ಪುಸ್ತಕವನ್ನು ಗುಡಿಸಲಿಗೆ ಒಯ್ದಿದ್ದಳು. ಗುರುಜಿ ಪುಟ ಹೇಳಿದರು, ಅವಳು ಓದಿದಳು, ಇಲ್ಲಿ ಕುಳಿತ ಮಕ್ಕಳೆಲ್ಲ ತಮ್ಮ ಪುಸ್ತಕದಲ್ಲಿ ಬೆರಳಿಟ್ಟು ನೋಡಿದರು. ಒಂದು ಸಾಲು ಬಿಟ್ಟುಬಿಟ್ಟಳು. "ಏ ಏ, ಹಿಂದ ಬಾ, ಒಂದ ಸಾಲ ಹಾರಿಸಿದಿ" ಎಂದರು ಗುರುಜಿ, ಪುಸ್ತಕ ನೋಡದೆಯೇ. ಓದು ಮುಗಿದ ಮೇಲೆ ಹಾಜರಿ ಪುಸ್ತಕ ತೆರೆದು, ಅವಳ ಹೆಸರಿನ ಮುಂದೆ ಬೆಳಗ್ಗೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಹಾಜರಿ ಹಾಕಿದರು. ಹಾಗೆ ಒಬ್ಬೊಬ್ಬರಿಗೂ ಫೋನು. ಎತ್ತದವರಿಗೆ ಗೈರುಹಾಜರಿ. ಅದರಲ್ಲಿ ದಯೆ ದಾಕ್ಷಿಣ್ಯ ಇರಲಿಲ್ಲ.

ನನ್ನ ಮುಖ ನೋಡಿ ಅವರೇ ಹೇಳಿದರು, "ಲಾಕ್‌ಡೌನ್‌ನಾಗ ಸರಕಾರನಽ ಹೇಳಿತ್ತಲ್ರಿ, ಫೋನ್ ಮ್ಯಾಲೆ ಕಲಸ್ರಿ ಅಂತ. ಕಲಸೂದು ಬಂದ್ ಮಾಡ್ರಿ ಅಂತ ನನಗ ಯಾರೂ ಹೇಳಿಲ್ಲ."

ಅಯ್ಯೋ, ನನಗಾದ ಸಂತೋಷವನ್ನು ಹೇಗೆ ಹೇಳಲಿ! ಬಸ್ಸಿನಲ್ಲಿ ತಿರುಗಿ ಬರುವಾಗ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಅರ್ಧ ಆ ಹುಡುಗಿಗಾಗಿ, ಇನ್ನರ್ಧ ನನಗೆ ನನ್ನ ಪ್ರಬಂಧ ಸಿಕ್ಕಿತೆಂದು. ಬೇರೆ ಶಾಲೆಗಳಲ್ಲಿ ಕಂಡದ್ದೆಲ್ಲ ಬದಿಗೆ ಸರಿದು, ಎಲ್ಲದರ ನಡುವೆ ಆ ಫೋನಿನ ಹಾಜರಿ ಬಂದು ಕುಳಿತಿತು. ಎರಡು ತಿಂಗಳು ಕುಳಿತು ಬರೆದೆ. ಚೆನ್ನಾಗಿಯೇ ಬರೆದೆ. ಈಗಲೂ ಓದಿದರೆ ಬರೆದವಳಿಗೆ ಗುರುಜಿಯ ಮೇಲೆ ಗೌರವವಿತ್ತು ಎಂದು ಯಾರಾದರೂ ಹೇಳುತ್ತಾರೆ.

ನಮ್ಮಲ್ಲಿ ಒಂದು ಕ್ರಮವಿದೆ. ಯಾರ ಬಗ್ಗೆ ಬರೆದಿದ್ದೇವೋ ಅವರಿಗೆ ಬರೆದದ್ದನ್ನು ತೋರಿಸಬೇಕು, ಅವರು ಸರಿ ಎಂದ ಮೇಲೆ ಪತ್ರಿಕೆಗೆ ಕಳಿಸಬೇಕು, ತೋರಿಸಿದ್ದೇವೆಂದು ಪ್ರಬಂಧದಲ್ಲೇ ಒಂದು ಸಾಲು ಬರೆಯಬೇಕು. ನನ್ನ ಕೈ ಕೆಳಗೆ ಪಿಎಚ್‌ಡಿ ಮಾಡುವ ಮಕ್ಕಳು ಇದನ್ನು ತಪ್ಪಿಸಿದರೆ ಹಾಳೆ ಮುಖದ ಮೇಲೆ ಎಸೆಯುತ್ತಿದ್ದೆ. "ಹಳ್ಳಿಗೆ ಹೋಗ್ರಿ, ಕುಂದ್ರಿ, ಓದಿ ಹೇಳ್ರಿ" ಎಂದು ಬೈಯುತ್ತಿದ್ದೆ. ನನ್ನ ಸರದಿ ಬಂದಾಗ ಏನಾಯಿತೆಂದರೆ, ಪತ್ರಿಕೆಗೆ ಕಳಿಸಲು ಎರಡೇ ದಿನ ಉಳಿದಿತ್ತು. ಪರೀಕ್ಷೆಯ ಕೆಲಸ ಮೈಮೇಲಿತ್ತು. ಎರಡು ಬಸ್ಸು ಬದಲಿಸಿ ಹೋಗಿ, ಇಪ್ಪತ್ತೆರಡು ಪುಟದ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿ ಬರುವಷ್ಟು ಹೊತ್ತು ಎಲ್ಲಿದೆ ಎಂದುಕೊಂಡೆ. ಗುರುಜಿಯ ವಾಟ್ಸಾಪಿಗೆ ಪಿಡಿಎಫ್ ಕಳಿಸಿದೆ. ಕೆಳಗೆ ಕನ್ನಡದಲ್ಲಿ ಬರೆದೆ: "ಗುರುಜಿ, ಓದಿ ನೋಡಿ. ಏನಾದರೂ ತಪ್ಪಿದ್ದರೆ ತಿಳಿಸಿ. ಇಲ್ಲದಿದ್ದರೆ ಕಳಿಸುತ್ತೇನೆ."

ಹತ್ತು ನಿಮಿಷದಲ್ಲಿ ಉತ್ತರ ಬಂತು. ಮೇಲಕ್ಕೆತ್ತಿದ ಹೆಬ್ಬೆರಳಿನ ಚಿತ್ರ, ಅದರ ಪಕ್ಕ ಕೈಮುಗಿದ ಚಿತ್ರ.

ಇಪ್ಪತ್ತೆರಡು ಪುಟವನ್ನು ಹತ್ತು ನಿಮಿಷದಲ್ಲಿ, ಅದೂ ಇಂಗ್ಲಿಷಿನಲ್ಲಿ, ಅವರು ಓದಲಾರರು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಆದರೂ ವಿಧಾನದ ಭಾಗದಲ್ಲಿ ಆ ಸಾಲನ್ನು ಬರೆದೆ, ಕಳಿಸಿದೆ, ಹೋಗಿ ಚಹಾ ಕುಡಿದೆ.

ಪ್ರಬಂಧ ಅಚ್ಚಾಯಿತು. ನಾನು ಪ್ರೊಫೆಸರ್ ಆದೆ. ಶಾಲು, ಕಟ್ಟು, ಮೊಳೆ ಎಲ್ಲ ಆಯಿತು. ಸ್ವಲ್ಪ ದಿನಕ್ಕೆ ಸೊಲ್ಲಾಪುರದಲ್ಲಿ ಮುಖ್ಯಾಧ್ಯಾಪಕರ ತರಬೇತಿಯೊಂದರಲ್ಲಿ ಮಾತನಾಡಲು ಕರೆದರು. ಮರಾಠಿಯಲ್ಲಿ ಒಂದು ತಾಸು ಮಾತನಾಡಿದೆ. ಫೋನಿನ ಹಾಜರಿಯ ಕಥೆ ಬಂದಾಗ ಸಭೆ ಪಿಸುಮಾತಿಲ್ಲದೆ ಕೇಳಿತು, ಕೊನೆಗೆ ಚಪ್ಪಾಳೆ ಹೊಡೆಯಿತು. ಹೆಸರು ಹೇಳಲಿಲ್ಲ. ಕನ್ನಡ ಶಾಲೆ, ಒಬ್ಬರೇ ಮಾಸ್ತರು, ಹಿನ್ನೀರಿನ ದಂಡೆ, ಕಬ್ಬಿಗೆ ಹೋಗುವ ವಸ್ತಿ, ಹೆಬ್ಬೆಟ್ಟಿಲ್ಲದ ರಜಿಸ್ಟರು ಎಂದಷ್ಟೇ ಹೇಳಿದೆ. ಅಷ್ಟೇ! ತಾಲೂಕಿನಲ್ಲಿ ಅಂಥ ಶಾಲೆ ಇನ್ನೊಂದಿದ್ದರೆ ತಾನೆ.

ಚಹಾದ ಹೊತ್ತಿಗೆ ಶಿಕ್ಷಣ ಇಲಾಖೆಯ ಕಚೇರಿಯ ಸಾಹೇಬರೊಬ್ಬರು ಅವಲಕ್ಕಿ ಪೋಹೆಯ ಬಶಿ ಹಿಡಿದು ಹತ್ತಿರ ಬಂದರು. ಮರಾಠಿಯಲ್ಲೇ ಮೆಲ್ಲಗೆ ಕೇಳಿದರು, "ಮೇಡಂ, ಅದು ಧರಣದ ಕಡೆಯ ಶಾಲೆ ಅಲ್ಲವೇ?" ನಾನು "ಹೆಸರು ಹೇಳುವಂತಿಲ್ಲ ಸಾಹೇಬರೇ, ಅದು ನಮ್ಮ ನಿಯಮ" ಎಂದೆ. ಎಂದು ನಕ್ಕೆ. ಆ ನಗೆಯಲ್ಲಿ ಹೌದು ಎಂಬುದು ಪೂರ್ತಿ ಇತ್ತು. ನನ್ನ ಗುರುಜಿ ಎಷ್ಟು ದೊಡ್ಡವರು ನೋಡಿ ಎಂಬ ಹೆಮ್ಮೆಯಿಂದಲೇ ನಕ್ಕಿದ್ದೆ. ಅವರೂ ನಕ್ಕು ಪೋಹೆ ತಿಂದರು.

ಆಮೇಲೆ ಆದದ್ದು ನನಗೆ ಏಳೆಂಟು ತಿಂಗಳು ಗೊತ್ತೇ ಆಗಲಿಲ್ಲ. ಗುರುಜಿ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಕೆಲಸ ಮುಗಿದ ಮೇಲೆ ನಮ್ಮಂಥವರು ಯಾರಿಗೂ ಫೋನು ಮಾಡುವುದಿಲ್ಲ. ಮಳೆಗಾಲ ಹಿಡಿದಾಗ ಹೊಸ ವರ್ಷದ ವಿದ್ಯಾರ್ಥಿಗಳನ್ನು ಜೀಪಿನಲ್ಲಿ ತುಂಬಿಕೊಂಡು, ಒಂದು ಮಾದರಿ ಶಾಲೆ ತೋರಿಸುತ್ತೇನೆ ಬನ್ನಿ ಎಂದು ಜಂಬದಿಂದ ಕರೆದೊಯ್ದೆ. ಎರಡೂ ಕೋಣೆಗಳಿಗೆ ಬೀಗ. ಪಡಸಾಲೆಯಲ್ಲಿ ಯಾರೋ ಹೊಟ್ಟಿನ ಚೀಲಗಳನ್ನು ಪೇರಿಸಿಟ್ಟಿದ್ದರು. ದಾರಿ ತಪ್ಪಿ ಬಂದೆವೇ ಎಂದು ಒಂದು ಗಳಿಗೆ ಅನುಮಾನವಾಯಿತು.

ಎದುರು ಮನೆಯಿಂದ ಒಬ್ಬ ಹೆಂಗಸು ಹೊರಗೆ ಬಂದಳು. ಫೋನಿನಲ್ಲಿ ಓದುತ್ತಿದ್ದ ಆ ಹುಡುಗಿಯ ತಾಯಿ. ನಾನು ಗುರುತು ಹಿಡಿಯುವ ಮೊದಲು ಅವಳೇ ಹಿಡಿದಳು.

"ನೀವಽ ಅಲ್ರಿ, ಇಲ್ಲಿ ಕುಂತು ಕುಂತು ಬರಕೊಂಡ ಹೋದವರು?"

"ಹೌದವ್ವಾ. ಸಾಲಿ ಯಾಕ ಬಂದ್ ಐತಿ?"

"ಯಾಕ ಅಂತ ನಮ್ಮನ್ನ ಕೇಳ್ತೀರಾ? ಬರಕೊಂಡ ಹೋದ್ರಿ. ಸಾಲೀನೂ ಹೊತಗೊಂಡ ಹೋದ್ರಿ."

ವಿದ್ಯಾರ್ಥಿಗಳು ಜೀಪಿನ ಹತ್ತಿರ ನಿಂತು ಕೇಳುತ್ತಿದ್ದರು. ಆ ತಾಯಿ ನಿಲ್ಲಿಸಲಿಲ್ಲ, ನಿಲ್ಲಿಸಲೂಬಾರದಿತ್ತು. ಕಬ್ಬಿನ ಕಾಲದಲ್ಲೇ ಕಚೇರಿಯವರು ಬಂದರಂತೆ. ಹಾಜರಿ ಪುಸ್ತಕ ಒಂದು ಕಡೆ, ಮಕ್ಕಳ ಊಟದ ಪುಸ್ತಕ ಇನ್ನೊಂದು ಕಡೆ ಇಟ್ಟು ತಾಳೆ ನೋಡಿದರಂತೆ. ಗುರುಜಿ ಊಟದ ಪುಸ್ತಕದಲ್ಲಿ ಉಂಡ ಮಕ್ಕಳನ್ನಷ್ಟೇ ಬರೆದಿದ್ದರು, ಒಂದು ಹಿಡಿ ಅಕ್ಕಿಯೂ ಹೆಚ್ಚಿಲ್ಲ. ಆ ಪ್ರಾಮಾಣಿಕತೆಯೇ ಅವರನ್ನು ಹಿಡಿದುಕೊಟ್ಟಿತು. ಹಾಜರಿಯಲ್ಲಿ ಇದ್ದವರು ಊಟದಲ್ಲಿ ಇಲ್ಲ. ಫೋನಿನಲ್ಲಿ ಕೂಗಿದ ಮಕ್ಕಳ ಹೆಸರು ಪಟದಿಂದ ಹೊಡೆದುಹಾಕಿದರು. ಪಟ ಇಪ್ಪತ್ತರ ಕೆಳಗೆ ಬಿತ್ತು. ಗುರುಜಿಗೆ ನೋಟೀಸು ಬಂತು, ಜೂನಿನಲ್ಲಿ ಶಾಲೆಯನ್ನು ರಸ್ತೆಯ ಮೇಲಿನ ಮರಾಠಿ ಶಾಲೆಗೆ ಸೇರಿಸಿದರು.

"ಮಗಳು ಹೋಗ್ತಾಳೇನವ್ವಾ ಆ ಸಾಲಿಗೆ?" ಎಂದೆ.

"ಹದಿನೈದ ದಿನ ಹೋದ್ಲು. ಹಿಂದ ಕುಂದರಸ್ತಾರಂತ. ಇಲ್ಲಿ ಫೋನಿನಾಗ ಊರಿಗೆ ಊರ ಕೇಳೂಹಂಗ ಓದಾಕಿ, ಅಲ್ಲಿ ಬಾಯಿನಽ ಬಿಡಂಗಿಲ್ಲ. ಒಲ್ಲೆ ಅಂದ್ಲು. ಈ ಸಲ ಪುಸ್ತಕ ಬಿಟ್ಟು ನಮ್ಮ ಕೂಡ ಬರ್ತಾಳ, ಕಬ್ಬಿನ ಸೊಪ್ಪ ಕಟ್ತಾಳ." ಅಷ್ಟು ಹೇಳಿ ಒಳಗೆ ಹೋದಳು. ನೀರು ಕುಡಿದು ಹೋಗ್ರಿ ಎಂದು ನಮ್ಮ ಕಡೆ ಹಗೆಗೂ ಹೇಳುತ್ತಾರೆ. ಅವಳು ಹೇಳಲಿಲ್ಲ.

ಅಕ್ಕಲಕೋಟದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು, "ಮೇಡಂ, ಗುರುಜಿಗೆ ಮೊದಲೇ ಓದಿ ಹೇಳಿದ್ದಿರಲ್ಲ?" ನಾನು ಅವಳನ್ನು ಗದರಿದೆ. ಯಾಕೆ ಗದರಿದೆ ಎಂದು ಅವಳಿಗೆ ತಿಳಿಯಲಿಲ್ಲ, ಪಾಪ.

ಸುಮ್ಮನೆ ಕುಳಿತೆ ಎಂದುಕೊಳ್ಳಬೇಡಿ. ಕಚೇರಿಗೆ ಹೋದೆ. ಆ ಮಕ್ಕಳು ನಿಜವಾಗಿ ಓದುತ್ತಿದ್ದರು, ನಾನೇ ಕಿವಿಯಾರೆ ಕೇಳಿದ್ದೇನೆ ಎಂದೆ. ಸಾಹೇಬರು ನನ್ನದೇ ಪ್ರಬಂಧದ ಪ್ರತಿಯನ್ನು ಮೇಜಿನ ಮೇಲಿಟ್ಟು, ಶಾಲೆಯಲ್ಲಿಲ್ಲದ ಮಕ್ಕಳಿಗೆ ಹಾಜರಿ ಹಾಕುತ್ತಿದ್ದರೆಂದು ತಾವೇ ಬರೆದಿದ್ದೀರಲ್ಲ ಮೇಡಂ ಎಂದರು. ಅವರದ್ದೇನು ತಪ್ಪು? ಬರೆದಿದ್ದೆನಲ್ಲ. ಆಮೇಲೆ ನಮ್ಮ ವಿಭಾಗದ ನೀತಿ ಸಮಿತಿಗೆ ನಾನೇ ಅರ್ಜಿ ಕೊಟ್ಟೆ, ನನ್ನ ಮೇಲೆ ವಿಚಾರಣೆ ಮಾಡಿ ಎಂದು. ಅವರು ಫೋನಿನ ಸಂದೇಶ ತರಿಸಿಕೊಂಡು ನೋಡಿದರು. ಹೆಬ್ಬೆರಳಿನ ಚಿತ್ರ ಇದೆ, ಕೈಮುಗಿದ ಚಿತ್ರವೂ ಇದೆ, ಒಪ್ಪಿಗೆ ಸ್ಪಷ್ಟವಾಗಿದೆ, ನಿಮ್ಮದೇನೂ ಲೋಪವಿಲ್ಲ ಎಂದು ಬರೆದು ಕೊಟ್ಟರು. ಥೂ, ಆ ಕಾಗದ ಕೈಗೆ ಬಂದ ದಿನದಷ್ಟು ನನ್ನ ಬಗ್ಗೆ ನನಗೆ ಹೇಸಿಕೆ ಯಾವತ್ತೂ ಬಂದಿರಲಿಲ್ಲ.

ಗುರುಜಿಯನ್ನು ಜಿಲ್ಲೆಯ ಇನ್ನೊಂದು ತುದಿಗೆ, ಮಂಗಳವೇಢೆ ತಾಲೂಕಿನ ಗಡಿಗೆ ಹಾಕಿದ್ದರು. ಹೋಗಲು ನನಗೆ ಇನ್ನೂ ಎರಡು ತಿಂಗಳು ಧೈರ್ಯ ಬರಲಿಲ್ಲ. ಕೊನೆಗೊಂದು ಶನಿವಾರ ಸಲಗರ ಬುದ್ರುಕದ ಕಡೆ ಹೋಗುವ ಬಸ್ಸು ಹತ್ತಿದೆ. ಚೀಲದಲ್ಲಿ ಆ ಇಪ್ಪತ್ತೆರಡು ಪುಟಗಳಿದ್ದವು. ಕಿಟಕಿಯ ಹೊರಗೆ ಎರಡೂ ಕಡೆ ಜೋಳದ ಹೊಲ, ಮೋಡ ಕಟ್ಟಿದ ಆಕಾಶ, ಮಳೆ ಮಾತ್ರ ಇಲ್ಲ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ.

ಶನಿವಾರದ ಬೆಳಗಿನ ಶಾಲೆ ಬಿಟ್ಟಿತ್ತು. ಗುರುಜಿ ಪಡಸಾಲೆಯಲ್ಲಿ ಒಬ್ಬರೇ ಕುಳಿತು ಮಕ್ಕಳ ಬರವಣಿಗೆಯ ವಹಿಗಳನ್ನು ತಿದ್ದುತ್ತಿದ್ದರು. ಸೊರಗಿದ್ದರು. ಇಲ್ಲಿ ಅವರು ಮುಖ್ಯಾಧ್ಯಾಪಕರಲ್ಲ, ಇನ್ನೊಬ್ಬರ ಕೈ ಕೆಳಗಿನ ಮಾಸ್ತರು. ನನ್ನನ್ನು ನೋಡಿ ಎದ್ದರು.

"ಬರ್ರಿ ಅಕ್ಕೋರ. ಇಷ್ಟ ದೂರ ಯಾಕ ಬರಾಕ ಹೋದ್ರಿ? ಕುಂದ್ರಿ, ನೀರ ಕುಡೀರಿ."

ಜೋಡಿಸಿಕೊಂಡದ್ದೆಲ್ಲ ಹಾರಿಹೋಯಿತು. "ತಪ್ಪಾತ್ರಿ ಗುರುಜಿ" ಎಂದೆ. ಅಳು ಬಂತು. ಅವರು ಬೇರೆ ಕಡೆ ನೋಡುತ್ತ ಕುಳಿತರು. ನಾನು ಸುಮ್ಮನಾದ ಮೇಲೆ ಕೇಳಿದರು, "ಅಂಥಾದ್ದೇನ ಬರದೀರಿ ಅದರಾಗ? ಆಫೀಸಿನವರು ಎರಡ ಸಾಲ ತೋರಿಸಿದ್ರು, ನನಗ ಪೂರಾ ತಿಳೀಲಿಲ್ಲ. ಈಗರ ಓದಿ ಹೇಳ್ರಿ."

"ನಾ ಕಳಿಸಿದಾಗ ನೀವು ಹೆಬ್ಬೆರಳ ಯಾಕ ಹಾಕಿದ್ರಿ?"

"ಅಕ್ಕೋರು ಏನೋ ಕಳಸ್ಯಾರ, ಇಂಗ್ಲಿಷಿನಾಗೈತಿ. ಬಂದು ಮುಟ್ಟಿತು ಅಂತ ತಿಳಸಬೇಕಲ್ರಿ. ನೀವು ಬಂದು ಓದಿ ಹೇಳ್ತೀರಿ ಅಂತ ಮಾಡಿದ್ದೆ. ದಾರಿ ನೋಡಿದೆ."

ಹಾಳೆಗಳನ್ನು ತೆಗೆದೆ. ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳುತ್ತ ಹೋದೆ. ನೇತೃತ್ವ ಎಂಬ ಮಾತು ಬಂದಾಗಲೆಲ್ಲ ಅವರಿಗೆ ನಗು. "ನಾ ಎಲ್ಲಿ ಲೀಡರ್ ಅದೀನ್ರಿ" ಎಂದರು. ತಾಯಂದಿರ ಸಹಿಯ ಭಾಗ ಬಂದಾಗ ಕಣ್ಣು ಮುಚ್ಚಿಕೊಂಡು ಕೇಳಿದರು, ಇನ್ನೊಮ್ಮೆ ಓದಿಸಿದರು. ಪಟದ ಹೆದರಿಕೆಯನ್ನು ಬರೆದದ್ದು ಸರಿಯಾಗಿದೆ ಎಂದರು. ಆಮೇಲೆ ಫೋನಿನ ಹಾಜರಿಯ ಪ್ಯಾರಾ ಬಂತು. ಮೂರು ಸಾಲು ಓದಿದ್ದೆ, ಕೈ ಮೇಲೆತ್ತಿದರು.

"ನಿಲ್ಲಸ್ರಿ. ಇದೊಂದು ತಗೀರಿ ಅಂತಿದ್ದೆ."

ನಾನು ಆ ಸಾಲಿನ ಮೇಲೆ ಬೆರಳಿಟ್ಟು ತಲೆಯೆತ್ತಿದೆ.

"ಇದೊಂದಽ ರೀ. ಉಳಿಕಿದ್ದೆಲ್ಲಾ ಛಲೋ ಬರದೀರಿ. ಓದಿ ಹೇಳಿದ್ರ ಎರಡ ನಿಮಿಷದ ಕೆಲಸಿತ್ತು. ಮುಂದ ಓದ್ರಿ."

ಮುಂದೆ ಓದಿದೆ. ಕೊನೆಯ ಹಾಳೆ ಮುಗಿಸಿ ಮಡಚಿಡಲು ಹೋದಾಗ ಅವರು ಕೇಳಿದರು, "ನಡುವ ಒಂದ ಪಾನ ಹಾರಿಸಿದ್ರಿ. ಅದರಾಗ ಏನೈತಿ?"

ಒಂದು ಪುಟ ಹಾರಿಸಿದ್ದೆ, ನಿಜ. ಮೂವತ್ತು ವರ್ಷ ಮಕ್ಕಳ ಓದು ಕೇಳಿದ ಕಿವಿ ಅವರದು, ಹಾಳೆ ಎರಡು ಒಟ್ಟಿಗೆ ತಿರುವಿದ ಸದ್ದು ಅವರಿಗೆ ಕೇಳಿಸಿತ್ತು.

"ಅದು ವಿಧಾನದ ಭಾಗ್ರಿ ಗುರುಜಿ. ಹೆಂಗ ಅಭ್ಯಾಸ ಮಾಡಿದ್ವಿ ಅಂತ ಬರ್ಯೂದು. ನಿಮಗ ಬ್ಯಾಸರಾಗ್ತೈತಿ."

"ಓದ್ರಿ."

ಓದಿದೆ. ಎಷ್ಟು ಶಾಲೆಗೆ ಹೋದೆ, ಏನು ಕೇಳಿದೆ, ಹೆ‌ಸರುಗಳನ್ನು ಹೇಗೆ ಮರೆಮಾಡಿದೆ, ಎಲ್ಲ ಓದಿದೆ. ಕೆಳಗಿನ ಸಾಲಿಗೆ ಬಂದು ನಿಂತೆ. ಅವರು ಕಾದರು. ಅವಸರವಿಲ್ಲದೆ, ತಡವರಿಸುವ ಮಗುವಿಗೆ ಕಾಯುವಂತೆ ಕಾದರು. ಕೊನೆಗೆ ಅದನ್ನೂ ಹೇಳಿದೆ: 'ಈ ಬರಹವನ್ನು ಮುಖ್ಯಾಧ್ಯಾಪಕರಿಗೆ ತೋರಿಸಲಾಗಿದೆ. ಅವರು ಓದಿ ಒಪ್ಪಿಗೆ ಕೊಟ್ಟಿದ್ದಾರೆ.'

"ಓದಿ ಅಂತ ಬರದೀರಿ?"

"ಹೌದ್ರಿ."

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ತಿದ್ದುತ್ತಿದ್ದ ವಹಿಯನ್ನು ಮುಚ್ಚಿ, ಅದರ ಮೇಲೆ ಕೈಯಿಟ್ಟು ಹೇಳಿದರು, "ಇಷ್ಟ ವರ್ಷದಾಗ ಒಬ್ಬ ತಾಯಿ ಕಡಿಂದನೂ ನಾ ಓದಿ ಹೇಳದಽ ಸಹಿ ತಗೊಂಡಿಲ್ಲ, ಹೆಬ್ಬೆಟ್ಟಂತೂ ಒತ್ತಿಸಿಕೊಂಡಽ ಇಲ್ಲ ಅಕ್ಕೋರ. ನೀವು ನನ್ನ ಕಡಿಂದ ಒತ್ತಿಸಿಕೊಂಡ್ರಿ."

ಆಮೇಲೆ ಇಪ್ಪತ್ತೆರಡು ಹಾಳೆಗಳನ್ನು ಪುಟದ ಪ್ರಕಾರ ಜೋಡಿಸಿ ನನ್ನ ಕೈಗೆ ಕೊಟ್ಟು, ಬಸ್ಸಿನ ಹೊತ್ತಾಯಿತು ಎಂದರು.